ಹೊತ್ತು ಮತ್ತು ಗಂಟೆ: ಮಹಿಳೆಯರ ದುಡಿಮೆಯ ಅವಧಿಗೆ ಕಾನೂನು ಹಾಕಿದ ಮಿತಿಗಳು

1

ಭಾರತದ ಕಾರ್ಮಿಕ ಕಾನೂನುಗಳಲ್ಲಿ ಎರಡು ಅಂಕಿಗಳು ಬಹುಕಾಲ ಕದಲದೆ ನಿಂತಿದ್ದವು: ಬೆಳಗಿನ 6 ಮತ್ತು ಸಂಜೆಯ 7. 1948ರ ಕಾರ್ಖಾನೆಗಳ ಕಾಯಿದೆಯ 66ನೆಯ ಪ್ರಕರಣವು ಈ ಎರಡು ಗಂಟೆಗಳ ನಡುವೆ ಮಾತ್ರ ಮಹಿಳೆಯರಿಂದ ಕಾರ್ಖಾನೆಯಲ್ಲಿ ಕೆಲಸ ಮಾಡಿಸಬಹುದೆಂದು ವಿಧಿಸಿತು. 1951ರ ತೋಟ ಕಾರ್ಮಿಕರ ಕಾಯಿದೆ, 1952ರ ಗಣಿ ಕಾಯಿದೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಗಳು ಅದೇ ಅಂಕಿಗಳನ್ನು ಮತ್ತೆ ಬರೆದವು. ಕೊಡಗಿನ ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವವಳಿಗೂ, ಕೋಲಾರದ ಚಿನ್ನದ ಗಣಿಯ ಮೇಲ್ನೆಲದಲ್ಲಿ ಕೆಲಸ ಮಾಡುವವಳಿಗೂ, ಬೆಂಗಳೂರಿನ ಗಿರಣಿಯಲ್ಲಿ ನೂಲು ಸುತ್ತುವವಳಿಗೂ ಕಾನೂನು ಒಂದೇ ಹಗಲನ್ನು ಗೊತ್ತುಮಾಡಿತ್ತು.

ಈ ಮಿತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವೇಚಿಸುತ್ತ ಬಂದಿದ್ದಾರೆ. ದುರಾಸೆಯ ಮಾಲೀಕರಿಂದ ಮಹಿಳೆಯನ್ನು ಕಾಪಾಡಿದ ಬೇಲಿ ಇದು ಎಂಬುದು ಒಂದು ವಾದ. ರಕ್ಷಣೆಯ ಹೆಸರಿನಲ್ಲಿ ಅವಳನ್ನು ಒಳ್ಳೆಯ ಸಂಬಳದ ಕೆಲಸಗಳಿಂದ ಹೊರಗಿಟ್ಟ ಬೇಲಿ ಇದು ಎಂಬುದು ಮತ್ತೊಂದು. ಎರಡರಲ್ಲಿಯೂ ಹುರುಳಿದೆ. ಆದರೆ ಎರಡೂ ವಾದಗಳು ಕಾರ್ಖಾನೆಯ ಬಾಗಿಲಲ್ಲಿ ನಿಂತು ಒಳಮುಖವಾಗಿ ನೋಡುತ್ತವೆ. ಬಾಗಿಲಿನ ಆಚೆ, ಬೆಳಗಿನ 6ಕ್ಕೆ ಮೊದಲು ಮತ್ತು ಸಂಜೆ 7ರ ಅನಂತರ, ಆ ಹೆಣ್ಣುಮಗಳು ಏನು ಮಾಡುತ್ತಿದ್ದಳು ಎಂಬ ಪ್ರಶ್ನೆ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಜಾನಪದದ ಅಭ್ಯಾಸಿಗಳ ಬಳಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ದೊಡ್ಡದೊಂದು ಆಕರವಿದೆ. ಬೀಸುವ ಪದಗಳು, ಕುಟ್ಟುವ ಪದಗಳು ಅದರ ಮುಖ್ಯ ಭಾಗ. ಆ ಆಕರವನ್ನು ಕಾಯಿದೆಗಳ ಪಕ್ಕದಲ್ಲಿಟ್ಟು ಓದಿದರೆ, ಕಾನೂನು ಅಳೆಯಲು ಹೊರಟದ್ದು ಮಹಿಳೆಯ ದುಡಿಮೆಯ ಇಡೀ ದಿನವನ್ನಾಗಿರದೆ, ಮಾಲೀಕನ ಆವರಣದೊಳಗೆ ಕಳೆದ ಅದರ ಒಂದು ತುಂಡನ್ನು ಮಾತ್ರ ಎಂಬುದು ಕಾಣುತ್ತದೆ. ಆ ತುಂಡಿನ ಉದ್ದವನ್ನು ಕತ್ತರಿಸಿದಾಗಲೆಲ್ಲ ದುಡಿಮೆ ಅಳತೆಗೆ ಸಿಗದ ಕಡೆಗೆ ಸರಿದುಹೋಗಿದೆ. ಪ್ರಸ್ತುತ ಲೇಖನದ ವಿಷಯ ಈ ಸರಿಯುವಿಕೆ.

2

ನಮ್ಮ ಹಳ್ಳಿಗಳ ಹೆಣ್ಣುಮಕ್ಕಳ ದಿನ ಗಂಟೆಗಳಲ್ಲಿ ಹಂಚಿಕೊಂಡಿರಲಿಲ್ಲ, ಹೊತ್ತುಗಳಲ್ಲಿ ಹಂಚಿಕೊಂಡಿತ್ತು. ಕೋಳಿ ಕೂಗುವ ಹೊತ್ತು, ಬೆಳ್ಳಿಚುಕ್ಕಿ ಮೂಡುವ ಹೊತ್ತು, ನಸುಕು ಹರಿಯುವ ಹೊತ್ತು, ಬುತ್ತಿ ಒಯ್ಯುವ ಹೊತ್ತು, ದನ ಬರುವ ಹೊತ್ತು, ದೀಪ ಹಚ್ಚುವ ಹೊತ್ತು. ಈ ಒಂದೊಂದು ಹೆಸರೂ ಒಂದೊಂದು ಕೆಲಸಕ್ಕೆ ಅಂಟಿಕೊಂಡಿದೆ. ಹೊತ್ತು ಎಂದರೆ ಕೆಲಸ ಬಂದು ಬಾಗಿಲು ತಟ್ಟುವ ಕ್ಷಣ. ಅದಕ್ಕೆ ಆರಂಭವಿದೆ, ಕೊನೆ ಎಂಬುದನ್ನು ಆ ಕೆಲಸವೇ ನಿರ್ಧರಿಸುತ್ತದೆ.

ಬೀಸುವ ಪದಗಳು ಹುಟ್ಟಿದ್ದು ಈ ಹೊತ್ತುಗಳಲ್ಲಿ ಮೊದಲನೆಯವುಗಳಲ್ಲಿ. ಮನೆಯವರೆಲ್ಲ ಮಲಗಿರುವಾಗ ಎದ್ದು, ಕಲ್ಲಿನ ಮುಂದೆ ಕುಳಿತು, ಒಬ್ಬಳೇ ಅಥವಾ ಓರಗಿತ್ತಿಯೊಂದಿಗೆ ಎದುರುಬದುರಾಗಿ ಗೂಟ ಹಿಡಿದು, ಆ ದಿನದ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಿ ಮುಗಿಸುವ ತನಕ ಹಾಡು ಸಾಗುತ್ತದೆ. ಕಲ್ಲಿಗೆ ಕೈಮುಗಿದು ಆರಂಭಿಸುವ ಪದಗಳಿವೆ, ಕಾಳು ತೀರಿದಾಗ ಕಲ್ಲಿನಿಂದ ಬೀಳ್ಕೊಳ್ಳುವ ಪದಗಳಿವೆ. ಎರಡರ ನಡುವಿನ ತ್ರಿಪದಿಗಳ ಸಂಖ್ಯೆಯನ್ನು ನಿರ್ಧರಿಸುವುದು ಮೊರದಲ್ಲಿರುವ ಕಾಳಿನ ಪ್ರಮಾಣ. ಕಲ್ಲಿಲ್ಲದೆ ಹಾಡು ನೆನಪಾಗುವುದಿಲ್ಲ ಎಂದು ಗಾಯಕಿಯರು ಹೇಳುವ ಮಾತು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಪರಿಚಿತ. ಅದನ್ನು ಮುಗ್ಧತೆಯ ಮಾತೆಂದು ನಾವು ನಕ್ಕು ಬಿಟ್ಟದ್ದೇ ಹೆಚ್ಚು. ವಾಸ್ತವವಾಗಿ ಅದು ದುಡಿಮೆಯ ಅವಧಿಯ ಬಗೆಗಿನ ಖಚಿತವಾದ ಹೇಳಿಕೆ: ಹಾಡು ದುಡಿಮೆಯಷ್ಟೇ ಉದ್ದ.

ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಕಲನವನ್ನು ಪ್ರಕಟಿಸಿದ್ದು 1931ರಲ್ಲಿ. ಭಾರತದ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ವಿಟ್ಲೆ ಅವರ ಅಧ್ಯಕ್ಷತೆಯ ರಾಜ ಆಯೋಗ ತನ್ನ ವರದಿಯನ್ನು ಸಲ್ಲಿಸಿದ್ದೂ ಅದೇ 1931ರಲ್ಲಿ. ಆಯೋಗದ ಸದಸ್ಯರಲ್ಲಿದ್ದ ಒಬ್ಬಳೇ ಮಹಿಳೆ ಬೆರಿಲ್ ಪವರ್. ಈ ಎರಡು ಪುಸ್ತಕಗಳಿಗೆ ಪರಸ್ಪರ ಪರಿಚಯವಿರುವ ಸಾಧ್ಯತೆ ಇಲ್ಲ. ಆದರೂ ಇಂಡಿ ತಾಲೂಕಿನ ಹಲಸಂಗಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸೊಲ್ಲಾಪುರದ ಗಿರಣಿಗಳು ಅಲ್ಲಿಂದ ಬಹಳ ದೂರವೇನೂ ಇರಲಿಲ್ಲ. ವಿಜಾಪುರ ಸೀಮೆಯಿಂದ ಬರಗಾಲಕ್ಕೆ ಗುಳೆ ಹೋದವರು ಆ ಗಿರಣಿಗಳನ್ನು ಸೇರುತ್ತಿದ್ದರು. ಕಲ್ಲಿನ ಮುಂದೆ ಹಾಡಿದವಳು ಮತ್ತು ಗಿರಣಿಯ ಬಾಗಿಲಲ್ಲಿ ಹಾಜರಿ ಹಾಕಿಸಿಕೊಂಡವಳು ಒಬ್ಬಳೇ ಆಗಿದ್ದಿರಬಹುದು ಎಂಬ ಕಲ್ಪನೆ ಸಂಕಲನಕಾರರಿಗೂ ಆಯೋಗದವರಿಗೂ ಬಂದಂತಿಲ್ಲ. ಸಂಕಲನಗಳು ಹಾಡುಗಳನ್ನು ತವರು, ಅಣ್ಣತಮ್ಮ, ಕೂಸು, ಗಂಡ, ದೈವ ಎಂದು ವಸ್ತುವಿಗನುಗುಣವಾಗಿ ವಿಂಗಡಿಸಿದವು. ಹಾಡಿದ ಹೊತ್ತು ಯಾವ ವಿಭಾಗದಲ್ಲಿಯೂ ಉಳಿಯಲಿಲ್ಲ.

3

ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಯಂತ್ರಶಕ್ತಿಯಿಂದ ನಡೆಯುವ, ನೂರು ಅಥವಾ ಅದಕ್ಕೂ ಹೆಚ್ಚು ಆಳುಗಳಿರುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸಿತು. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಹಂಗಾಮಿನ ಕಾರ್ಖಾನೆಗಳು ಅದರಿಂದ ಹೊರಗುಳಿದವು. ಅದು ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಗೊಳಿಸಿತು. ಹೆಂಗಸರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 1844ರಷ್ಟು ಹಿಂದೆಯೇ ಮಹಿಳೆಯರ ದುಡಿಮೆಗೆ 12 ಗಂಟೆಗಳ ಮಿತಿ ಬಂದಿತ್ತು, 1847ರಲ್ಲಿ ಅದು ಹತ್ತಕ್ಕೆ ಇಳಿದಿತ್ತು. ಮುಂಬಯಿಯ ಗಿರಣಿಗಳು ಅಗ್ಗದ ದುಡಿಮೆಯಿಂದ ತಮ್ಮ ಮಾರುಕಟ್ಟೆ ಕಸಿಯುತ್ತಿವೆ ಎಂಬ ಲ್ಯಾಂಕಷೈರ್ ಮಾಲೀಕರ ದೂರು ಈ ಕಾಯಿದೆಯ ಹಿಂದಿತ್ತು ಎಂಬುದು ಚರಿತ್ರೆಯಲ್ಲಿ ಸರ್ವವಿದಿತ. ಆ ಕಾರಣಕ್ಕಾಗಿಯೇ ರಾಷ್ಟ್ರೀಯವಾದಿ ಪತ್ರಿಕೆಗಳು ಇಂತಹ ಕಾಯಿದೆಗಳನ್ನು ವಿರೋಧಿಸಿದವು. ತಿಲಕರ ಪತ್ರಿಕೆಗಳೂ ಅವುಗಳಲ್ಲಿ ಸೇರಿದ್ದವು. ಮಾಲೀಕ ದೇಶೀಯನಾದಾಗ ಆಳಿನ ದಣಿವು ದೇಶದ ಪ್ರಶ್ನೆಯಾಗಿ ಉಳಿಯದೆ ಹೋದದ್ದು ನಮ್ಮ ರಾಷ್ಟ್ರೀಯ ಚಳವಳಿಯ ಹೆಮ್ಮೆಯ ಅಧ್ಯಾಯವಲ್ಲ.

ದುಡಿಯುವವರ ಮಾತು ಬಂದದ್ದು ಬೇರೊಂದು ದಿಕ್ಕಿನಿಂದ. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ, 'ದೀನಬಂಧು' ಪತ್ರಿಕೆಯ ಸಂಪಾದಕರು, 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ಸುಮಾರು 5,500 ಜನರ ಸಹಿಯ ಮನವಿಯೊಂದನ್ನು ಕಾರ್ಖಾನೆ ಆಯೋಗಕ್ಕೆ ಸಲ್ಲಿಸಿದರು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು ಅದರ ಬೇಡಿಕೆಗಳಲ್ಲಿ ಸೇರಿದ್ದವು. ದುಡಿಮೆಯ ಅವಧಿಯ ಬಗ್ಗೆ ಅದು ಕೇಳಿದ್ದು ಹೀಗಿತ್ತು: ಬೆಳಗಿನ ಆರೂವರೆಗೆ ಆರಂಭವಾಗಲಿ, ಹೊತ್ತು ಮುಳುಗಿದಾಗ ನಿಲ್ಲಲಿ. ಆರಂಭಕ್ಕೆ ಗಡಿಯಾರ, ಅಂತ್ಯಕ್ಕೆ ಸೂರ್ಯ. ಈ ಒಂದು ಬೇಡಿಕೆಯಲ್ಲಿ ಕೃಷಿಯ ಕಾಲಗಣನೆ ಮತ್ತು ಗಿರಣಿಯ ಕಾಲಗಣನೆಗಳು ಒಂದರ ಪಕ್ಕ ಇನ್ನೊಂದು ಕುಳಿತಿವೆ. ಗಿರಣಿಯೊಳಗೆ ವಿದ್ಯುದ್ದೀಪ ಬಂದ ಮೇಲೆ ಸೂರ್ಯನಿಗೆ ಈ ಅಧಿಕಾರ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ವ್ಯಾಪಾರ ಏರಿದ ವರ್ಷಗಳಲ್ಲಿ, ದೀಪದ ಬೆಳಕಿನಲ್ಲಿ ಗಿರಣಿಯ ದಿನ ಹದಿನಾಲ್ಕು ಹದಿನೈದು ಗಂಟೆಗಳಿಗೆ ಹಿಗ್ಗಿತು.

1890ರ ಏಪ್ರಿಲ್ 24ರಂದು ಲೋಖಂಡೆಯವರು ಮುಂಬಯಿಯಲ್ಲಿ ಕರೆದ ಸಭೆಗೆ ಸುಮಾರು ಹತ್ತು ಸಾವಿರ ಕಾರ್ಮಿಕರು ಬಂದಿದ್ದರು. ಇಬ್ಬರು ಮಹಿಳಾ ಕಾರ್ಮಿಕರು ಆ ಸಭೆಯಲ್ಲಿ ಮಾತನಾಡಿದರು. ವಾರದ ರಜೆಗಾಗಿ ಸೇರಿದ ಸಭೆ ಅದು. ಕೆಲವೇ ವಾರಗಳಲ್ಲಿ ಗಿರಣಿ ಮಾಲೀಕರ ಸಂಘ ರಜೆಗೆ ಒಪ್ಪಿತು. ಮರುವರ್ಷ, 1891ರಲ್ಲಿ, ಬಂದ ತಿದ್ದುಪಡಿ ಕಾಯಿದೆಯು ಭಾರತದಲ್ಲಿ ಮೊದಲ ಬಾರಿಗೆ ಮಹಿಳೆಯರ ದುಡಿಮೆಗೆ ಮಿತಿ ಹಾಕಿತು: ದಿನಕ್ಕೆ 11 ಗಂಟೆ, ನಡುವೆ ಒಂದೂವರೆ ಗಂಟೆಯ ಬಿಡುವು, ರಾತ್ರಿ 8ರಿಂದ ಬೆಳಗಿನ 5ರವರೆಗೆ ಕೆಲಸವಿಲ್ಲ. ಪಾಳಿಯ ಪದ್ಧತಿಯಲ್ಲಿ ನಡೆಯುವ ಕಾರ್ಖಾನೆಗಳಿಗೆ ರಾತ್ರಿಯ ವಿಷಯದಲ್ಲಿ ವಿನಾಯಿತಿ ಇತ್ತು. ವಯಸ್ಕ ಗಂಡಸರ ದಿನಕ್ಕೆ ಯಾವ ಮಿತಿಯೂ ಇರಲಿಲ್ಲ. ಹೆಂಗಸರನ್ನು ಮಕ್ಕಳ ಸಾಲಿನಲ್ಲಿ ನಿಲ್ಲಿಸುವ ಇಂಗ್ಲಿಷ್ ಕಾನೂನಿನ ಅಭ್ಯಾಸ ಹೀಗೆ ನಮ್ಮಲ್ಲಿಗೆ ಬಂತು. ಗಂಡಸು ತನ್ನ ದುಡಿಮೆಯ ಬಗ್ಗೆ ತಾನೇ ಕರಾರು ಮಾಡಿಕೊಳ್ಳಬಲ್ಲ, ಹೆಂಗಸಿಗೆ ಆ ಶಕ್ತಿಯಿಲ್ಲ ಎಂಬುದು ಅದರ ತಾತ್ತ್ವಿಕ ನೆಲೆ. 1908ರಲ್ಲಿ ಕಾರ್ಖಾನೆ ಕಾರ್ಮಿಕ ಆಯೋಗದ ಬಹುಮತವು ಗಂಡಸರ ಅವಧಿಯನ್ನು ನೇರವಾಗಿ ಕತ್ತರಿಸಬಾರದೆಂದಾಗ, ಭಿನ್ನಮತ ಬರೆದು ನೇರ ಮಿತಿಯನ್ನೇ ಕೇಳಿದವರು ಮದರಾಸಿನ ಡಾ. ಟಿ. ಎಂ. ನಾಯರ್, ಮುಂದೆ ಜಸ್ಟಿಸ್ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರು. 1911ರ ಕಾಯಿದೆ ಜವಳಿ ಗಿರಣಿಗಳ ಗಂಡಸರಿಗೆ 12 ಗಂಟೆಯ ಮಿತಿಯನ್ನು ತಂದದ್ದರಲ್ಲಿ ಆ ಒಂಟಿ ದನಿಯ ಪಾಲು ಸಣ್ಣದಲ್ಲ.

4

ಕನ್ನಡನಾಡಿನ ದೃಷ್ಟಿಯಿಂದ 1911ರ ಕಾಯಿದೆಯ ಇನ್ನೊಂದು ಅಂಶ ಹೆಚ್ಚು ಮುಖ್ಯ. ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ಭಾರತದ ಕಾಯಿದೆಗಳು ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಆದರೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿ ಅವು ನೇರವಾಗಿ ಜಾರಿಯಲ್ಲಿದ್ದವು. 1887ರಲ್ಲಿ ಆರಂಭವಾದ ಗೋಕಾಕ ಜಲಪಾತದ ನೂಲಿನ ಗಿರಣಿಯಂತಹ ದೊಡ್ಡ ಕಾರ್ಖಾನೆ ಈ ಭಾಗದಲ್ಲಿ ಅಪರೂಪ. ಇಲ್ಲಿನ ಯಂತ್ರೋದ್ಯಮ ಎಂದರೆ ಮುಖ್ಯವಾಗಿ ಗದಗ, ಹುಬ್ಬಳ್ಳಿಗಳ ಸುತ್ತಿನ ಎರೆಭೂಮಿಯ ಹತ್ತಿಯನ್ನು ಬಿಡಿಸಿ ಅರಳೆ ಮಾಡುವ ಜಿನ್ನುಗಳು, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸುಗಳು. ಹತ್ತಿಯ ಸುಗ್ಗಿ ಮುಗಿಯುವವರೆಗೆ ನಡೆದು, ಮಿಕ್ಕ ತಿಂಗಳು ಬೀಗ ಹಾಕಿಕೊಳ್ಳುವ ಹಂಗಾಮಿನ ಕಾರ್ಖಾನೆಗಳು ಇವು. ಜಿನ್ನಿನ ಮುಂದೆ ಕುಳಿತು ಯಂತ್ರದ ಬಾಯಿಗೆ ಹತ್ತಿ ಉಣಿಸುವವರು ಬಹುಪಾಲು ಹೆಂಗಸರು. ಹೊಲದಲ್ಲಿ ಹತ್ತಿ ಬಿಡಿಸಿದ ಕೈಗಳೇ ಜಿನ್ನಿಗೂ ಬರುತ್ತಿದ್ದವು.

ಇಂತಹ ಕಾರ್ಖಾನೆಗಳ ಸ್ಥಿತಿ ಸರ್ಕಾರಕ್ಕೆ ತಿಳಿದಿರಲಿಲ್ಲ ಎನ್ನುವಂತಿಲ್ಲ. 1884-85ರ ಆಯೋಗದ ಮುಂದೆಯೇ ಖಾನದೇಶದ ಜಿನ್ನುಗಳಲ್ಲಿ ಹೆಂಗಸರು ಬೆಳಗಿನ ನಾಲ್ಕೈದು ಗಂಟೆಯಿಂದ ರಾತ್ರಿಯವರೆಗೆ ದುಡಿಯುತ್ತಿದ್ದರೆಂಬ ಸಾಕ್ಷ್ಯ ಬಂದಿತ್ತು. ಆದರೂ ಹಂಗಾಮಿನ ಕಾರ್ಖಾನೆಗಳು ಕಾಯಿದೆಯೊಳಗೆ ಬಂದದ್ದು ಕಾಲು ಶತಮಾನದ ಬಳಿಕ, 1911ರಲ್ಲಿ. ಆಗಲೂ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದುಕೊಂಡಂತಾಯಿತು. ಮಹಿಳೆಯರ ರಾತ್ರಿ ದುಡಿಮೆಯ ನಿಷೇಧದಿಂದ ಹತ್ತಿ ಬಿಡಿಸುವ ಮತ್ತು ಒತ್ತುವ ಕಾರ್ಖಾನೆಗಳಿಗೆ ಅದು ವಿನಾಯಿತಿ ಕೊಟ್ಟಿತು. ಹಂಗಾಮು ಚಿಕ್ಕದು, ಮಾಲು ಕಾಯುವುದಿಲ್ಲ, ಹೆಂಗಸರಿಲ್ಲದೆ ಜಿನ್ನು ತಿರುಗುವುದಿಲ್ಲ ಎಂಬ ತರ್ಕ ಇದರ ಹಿಂದಿದೆ. ಮಹಿಳೆಯರ ದೇಹ ದುರ್ಬಲ, ರಾತ್ರಿಯ ದುಡಿಮೆ ಅದಕ್ಕೆ ಒಗ್ಗದು ಎಂಬುದು ನಿಷೇಧಕ್ಕೆ ಆಧಾರವಾಗಿದ್ದರೆ, ಗದಗಿನ ಮಹಿಳೆಯ ದೇಹ ಮುಂಬಯಿಯವಳಿಗಿಂತ ಗಟ್ಟಿಯೆಂದು ಯಾರು ನಿರ್ಣಯಿಸಿದರು? ಪುರುಷ ಕಾರ್ಮಿಕನಿಂದ ಆ ಸ್ಥಳ ತುಂಬುವ ಸಾಧ್ಯತೆಯಿದ್ದ ಕಡೆ ನಿಷೇಧ ಬಂತು. ಇಲ್ಲದ ಕಡೆ ಬರಲಿಲ್ಲ. ಮುಂದಿನ ಎಲ್ಲ ವಿನಾಯಿತಿಗಳ ವ್ಯಾಕರಣವೂ ಇದೇ. 1948ರ ಕಾಯಿದೆಯು ಮೀನು ಸಂಸ್ಕರಿಸುವ, ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಕಚ್ಚಾ ಮಾಲು ಕೆಡದಂತೆ ತಡೆಯಲು ಮಹಿಳೆಯರಿಂದ ರಾತ್ರಿ ಕೆಲಸ ಮಾಡಿಸುವುದಕ್ಕೆ ಅವಕಾಶವಿಟ್ಟಿತು. ಹಿಡಿದ ಮೀನು ಬೆಳಗಿನವರೆಗೆ ಕಾಯುವುದಿಲ್ಲ.

ಜಿನ್ನಿನ ಮಹಿಳೆಗೆ ಕೋಳಿ ಕೂಗುವ ಹೊತ್ತು ಎರಡು ಕಡೆಯಿಂದ ಬೇಡಿಕೆಯ ಹೊತ್ತಾಯಿತು. ಕೂಗು ಕೇಳಿ ಜಿನ್ನಿಗೆ ಹೊರಡುವ ಮುನ್ನ ಜೋಳ ಬೀಸಿ ಆಗಿರಬೇಕು. ಕಾನೂನು ರಾತ್ರಿಯೆಂದು ಕರೆದು ವಿಶ್ರಾಂತಿಗೆ ಮೀಸಲಿಟ್ಟ ಗಂಟೆಗಳು, ಹಾಡಿನ ಲೋಕದಲ್ಲಿ ಬೀಸುವ ಗಂಟೆಗಳು. ವಿದ್ಯುತ್ತಿನ ಹಿಟ್ಟಿನ ಗಿರಣಿಗಳು ಹಳ್ಳಿಗಳಿಗೆ ಬಂದು ಕಲ್ಲುಗಳು ಮೂಲೆ ಸೇರಿದ್ದು ಹೆಣ್ಣಿನ ದಿನವನ್ನು ಎಷ್ಟು ಕಡಿಮೆ ಮಾಡಿತೋ ಅಷ್ಟನ್ನು ಯಾವ ಕಾಯಿದೆಯೂ ಮಾಡಲಿಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು. ಅದರ ಜೊತೆಗೆ ಹಾಡುಗಳೂ ಹೋದವು. ಜಾನಪದ ವಿದ್ವಾಂಸರು ಅದಕ್ಕಾಗಿ ಮರುಗಿದ್ದಾರೆ. ಹಾಡಿದವರು ಮರುಗಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

5

1919ರಿಂದ 1946ರವರೆಗಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಗಮನಿಸಬಹುದು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಮಹಿಳೆಯರ ರಾತ್ರಿ ದುಡಿಮೆಯ ನಿಷೇಧದ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1921ರಲ್ಲಿ ಅದಕ್ಕೆ ಸಮ್ಮತಿ ನೀಡಿತು. 1922ರ ತಿದ್ದುಪಡಿಯು ದಿನಕ್ಕೆ 11, ವಾರಕ್ಕೆ 60 ಗಂಟೆಗಳ ಮಿತಿಯನ್ನು ಗಂಡಸರು ಹೆಂಗಸರೆನ್ನದೆ ವಿಧಿಸಿ, ಸಂಜೆ 7ರಿಂದ ಬೆಳಗಿನ 5.30ರವರೆಗೆ ಮಹಿಳೆಯರ ದುಡಿಮೆಯನ್ನು ತಡೆಯಿತು. ವಿಟ್ಲೆ ಆಯೋಗದ ಬಳಿಕ ಬಂದ 1934ರ ಕಾಯಿದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 54 ಗಂಟೆಗಳನ್ನು ಗೊತ್ತುಮಾಡಿತು. ಹಂಗಾಮಿನ ಕಾರ್ಖಾನೆಗಳಿಗೆ ಮಾತ್ರ ವಾರದ 60 ಗಂಟೆ ಹಾಗೆಯೇ ಉಳಿಯಿತು: ಗದಗಿನ ಜಿನ್ನು ಮತ್ತೆ ಹಿಂದೆ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರ ಅವಧಿಯಲ್ಲಿ, 1946ರ ತಿದ್ದುಪಡಿಯ ಮೂಲಕ, ವಾರಕ್ಕೆ 48 ಗಂಟೆಗಳ ಮಿತಿ ಬಂತು. ಅವರು 1928ರಲ್ಲಿಯೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತನಾಡಿದ್ದರು. ಈ 48 ಗಂಟೆಗಳ ವಾರ ಮಹಿಳೆಗೆಂದು ಪ್ರತ್ಯೇಕವಾಗಿ ಬಂದುದಲ್ಲ, ಕಾರ್ಮಿಕರೆಲ್ಲರಿಗೂ ಬಂದದ್ದು. ಮಹಿಳೆಯ ಹಿತಕ್ಕೆ ಒದಗಿದ ಮಿತಿಗಳಲ್ಲಿ ಇದೇ ಅತ್ಯಂತ ದೊಡ್ಡದು ಎಂಬುದು ಪ್ರಸ್ತುತ ಲೇಖಕರ ಅಭಿಪ್ರಾಯ. ಅವಳೊಬ್ಬಳಿಗೇ ಹಾಕಿದ ಮಿತಿ ಅವಳನ್ನು ದುಬಾರಿಯಾಗಿಸುತ್ತದೆ, ಎಲ್ಲರಿಗೂ ಹಾಕಿದ ಮಿತಿ ಹಾಗೆ ಮಾಡುವುದಿಲ್ಲ.

ಗಣಿಗಳ ಕಥೆಯಲ್ಲಿ ಇದು ಇನ್ನಷ್ಟು ನಿಚ್ಚಳ. 1929ರ ನಿಯಮಗಳ ಪ್ರಕಾರ ಭೂಗತ ಗಣಿಗಳಿಂದ ಮಹಿಳೆಯರನ್ನು ಹಂತಹಂತವಾಗಿ ಹೊರತರಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ಆಳು ಸಾಲದೆ ಬಂದಾಗ 1943ರಲ್ಲಿ ಆ ನಿಷೇಧವನ್ನು ಸಡಿಲಿಸಿ ಅವರನ್ನು ಮತ್ತೆ ಕೆಳಗಿಳಿಸಲಾಯಿತು. 1946ರಲ್ಲಿ ಮತ್ತೆ ಹೊರಗೆ ಕಳುಹಿಸಲಾಯಿತು.

1948ರ ಕಾಯಿದೆಯನ್ನು ಓದುವಾಗ ಅದರ ಒಟ್ಟು ಬಂಧವನ್ನು ನೋಡಬೇಕು. ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಬಿಡುವು ಸೇರಿ ದಿನದ ಹರವು ಹತ್ತೂವರೆ ಗಂಟೆ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ. ದಿನದ 9 ಗಂಟೆಗಳ ಮಿತಿಗೆ ಗಂಡಸರ ವಿಷಯದಲ್ಲಿ ವಿನಾಯಿತಿ ಕೊಡಬಹುದಾಗಿತ್ತು, ಮಹಿಳೆಯರ ವಿಷಯದಲ್ಲಿ ಕೊಡುವಂತಿರಲಿಲ್ಲ. 6ರಿಂದ 7ರ ಅವಧಿಯನ್ನು ರಾಜ್ಯ ಸರ್ಕಾರ ಹಿಂದುಮುಂದು ಮಾಡಬಹುದಾದರೂ ರಾತ್ರಿ 10ರಿಂದ ಬೆಳಗಿನ 5ರ ನಡುವೆ ದುಡಿಸುವಂತಿರಲಿಲ್ಲ. ಇದೇ ಕಾಯಿದೆ ಕೂಸುಗಳಿಗೆ ಶಿಶುಗೃಹವನ್ನೂ ಕಡ್ಡಾಯಗೊಳಿಸಿತು. ಮೊದಲು ಐವತ್ತಕ್ಕಿಂತ ಹೆಚ್ಚು, 1976ರ ತಿದ್ದುಪಡಿಯ ಬಳಿಕ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ. ಹತ್ತಿ ಒತ್ತುವ ಕಾರ್ಖಾನೆಗಳಲ್ಲಿ ಹತ್ತಿ ಬಿಚ್ಚುವ ಯಂತ್ರವಿರುವ ಭಾಗಕ್ಕೆ ಮಹಿಳೆಯರನ್ನು ಹಚ್ಚಬಾರದೆಂಬ ಪ್ರತ್ಯೇಕ ಪ್ರಕರಣ ಸೇರಿತು. ನಿಯಮಗಳು ಒಳ್ಳೆಯವೇ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಹತ್ತಿ ಗಿರಣಿಗಳಲ್ಲಿಯೂ ಬಂಗಾಳದ ಸೆಣಬಿನ ಗಿರಣಿಗಳಲ್ಲಿಯೂ ಸುಮಾರು ಐದನೆಯ ಒಂದು ಭಾಗದಷ್ಟಿದ್ದ ಮಹಿಳೆಯರು 1970ರ ದಶಕದ ಹೊತ್ತಿಗೆ ಬೆರಳೆಣಿಕೆಯ ಪ್ರಮಾಣಕ್ಕೆ ಇಳಿದಿದ್ದರು. 1974ರ 'ಸಮಾನತೆಯತ್ತ' ವರದಿ ಈ ಕುಸಿತವನ್ನು ದೇಶದ ಗಮನಕ್ಕೆ ತಂದಿತು. ರಾತ್ರಿ ಪಾಳಿಯ ನಿಷೇಧ, ಹೆರಿಗೆ ಸೌಲಭ್ಯದ ಹೊರೆ ಇವೇ ಕಾರಣವೆಂದು ಮಾಲೀಕರು ಹೇಳುತ್ತ ಬಂದರು. ಸೆಣಬಿನ ಗಿರಣಿಗಳನ್ನು ಅಭ್ಯಸಿಸಿದ ಸಮಿತಾ ಸೇನ್ ಅವರಂತಹ ಚರಿತ್ರಕಾರರು ಕಾನೂನಿನತ್ತ ಮಾತ್ರ ಬೆರಳು ತೋರುವುದನ್ನು ಒಪ್ಪುವುದಿಲ್ಲ. ಕುಟುಂಬದ ಸಂಬಳ ಗಂಡಸಿನದೆಂಬ ನಂಬಿಕೆ, ಮಹಿಳೆಯರ ಕೆಲಸವನ್ನು ಕುಶಲವಲ್ಲದ್ದೆಂದು ಎಣಿಸುವ ಅಭ್ಯಾಸಗಳೂ ಸೇರಿ ಅವರನ್ನು ಹೊರನೂಕಿದವು. ಈ ಎರಡನೆಯ ವಿವರಣೆಯೇ ನನಗೆ ಹೆಚ್ಚು ಸಮರ್ಪಕವೆನಿಸುತ್ತದೆ. ಜಿನ್ನಿನ ಉದಾಹರಣೆ ತೋರಿಸುವಂತೆ, ಬೇಕಾದಾಗ ಕಾನೂನನ್ನು ಬಗ್ಗಿಸುವುದು ಮಾಲೀಕರಿಗೆ ಎಂದೂ ಕಷ್ಟವಾಗಿರಲಿಲ್ಲ.

6

ಹೊರಹೋದವರು ದುಡಿಮೆ ಬಿಡಲಿಲ್ಲ. ದಕ್ಷಿಣ ಕನ್ನಡದ ಬೀಡಿ ಉದ್ದಿಮೆ ಇದಕ್ಕೆ ಕನ್ನಡನಾಡಿನ ಅತ್ಯಂತ ಸ್ಪಷ್ಟ ನಿದರ್ಶನ. 1966ರ ಬೀಡಿ ಕಾಯಿದೆ ಅನೇಕ ವಿಷಯಗಳಲ್ಲಿ ಮುಂದುವರಿದ ಶಾಸನ. ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ಪಡೆದು ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ಅದು ನೌಕರಳೆಂದು ಕರೆಯಿತು. ಮಂಗಳೂರಿನ ಬೀಡಿ ಉದ್ಯಮಿಗಳು ಪ್ರಶ್ನಿಸಿದಾಗ 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಅವಧಿಯ ಪ್ರಕರಣಗಳು, ದಿನಕ್ಕೆ 9, ವಾರಕ್ಕೆ 48 ಗಂಟೆ, ಮಹಿಳೆಯರಿಗೆ ಬೆಳಗಿನ 6ರಿಂದ ಸಂಜೆ 7 ಎಂಬವು, 'ಕೈಗಾರಿಕಾ ಆವರಣ'ಕ್ಕೆ ಮಾತ್ರ ಸಂಬಂಧಿಸಿದವು. ಕರಾವಳಿಯ ಬೀಡಿ ಆವರಣದಲ್ಲಿ ಕಟ್ಟಲ್ಪಡುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಜಗಲಿಯಲ್ಲಿ, ಮಡಿಲ ಮೇಲಿನ ಮೊರದಲ್ಲಿ ಕಟ್ಟಲ್ಪಡುತ್ತದೆ. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಸಾವಿರ ಕಟ್ಟಲು ಎಷ್ಟು ಗಂಟೆ ಬೇಕೆಂಬುದನ್ನು ಬ್ರಾಂಚಿನ ಪುಸ್ತಕದಲ್ಲಿ ಬರೆಯುವುದಿಲ್ಲ. ಎಲೆ ನೆನೆಸುವುದು, ಕತ್ತರಿಸುವುದು ರಾತ್ರಿಯ ಊಟವಾದ ಬಳಿಕ. ಕಟ್ಟುವುದು ಮಕ್ಕಳು ಶಾಲೆಗೆ ಹೋದ ಮೇಲೆ. ಬಾಯಿ ಮಡಿಸುವುದಕ್ಕೆ ಶಾಲೆಯಿಂದ ಬಂದ ಹುಡುಗಿಯರ ಕೈ. ಇದು ಮತ್ತೆ ಹೊತ್ತಿನ ಲೋಕ. ಬೀಸುವ ಕಲ್ಲಿನ ಮುಂದಿನ ಕಾಳಿನಂತೆ, ಮೊರದಲ್ಲಿನ ಎಲೆ ಮುಗಿದಾಗ ದಿನ ಮುಗಿಯುತ್ತದೆ. ವ್ಯತ್ಯಾಸವಿಷ್ಟೆ: ಬೀಸಿದ ಹಿಟ್ಟನ್ನು ಯಾರೂ ಕಳಪೆಯೆಂದು ಆರಿಸಿ ಪಕ್ಕಕ್ಕೆ ಎಸೆಯುತ್ತಿರಲಿಲ್ಲ, ಕಟ್ಟಿದ ಬೀಡಿಗೆ ಬ್ರಾಂಚಿನಲ್ಲಿ ಆ ಗತಿಯೂ ಇದೆ. 1988ರ 'ಶ್ರಮಶಕ್ತಿ' ವರದಿ, ಇಳಾ ಭಟ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗದ್ದು, ಇಂತಹ ಮನೆಯೊಳಗಿನ ದುಡಿಮೆಯನ್ನು ವಿಸ್ತಾರವಾಗಿ ದಾಖಲಿಸಿತು. ಆದರೂ ಅದರ ಅವಧಿಗೆ ಮಿತಿ ಹಾಕುವ ಕಾನೂನು ಬರಲಿಲ್ಲ. ಮನೆಗೆ ಯಾವ ತನಿಖಾಧಿಕಾರಿ ಗಡಿಯಾರ ಹಿಡಿದು ಬರಬೇಕು?

7

ರಾತ್ರಿಯ ಬಾಗಿಲು ತೆರೆದದ್ದು ನ್ಯಾಯಾಲಯದ ಮೂಲಕ. 2000ದ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆರ್. ವಸಂತ ಮೊಕದ್ದಮೆಯಲ್ಲಿ, 66ನೆಯ ಪ್ರಕರಣದ ರಾತ್ರಿ ನಿಷೇಧವು ಸಂವಿಧಾನದ ಸಮಾನತೆಯ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಮಹಿಳೆಯರಿಗೆ ವಿಶೇಷ ಅವಕಾಶ ಕಲ್ಪಿಸಲು 15ನೆಯ ವಿಧಿಯ ಮೂರನೆಯ ಖಂಡ ಕೊಟ್ಟಿರುವ ಅಧಿಕಾರವನ್ನು ಅವರಿಗೆ ಅವಕಾಶ ತಪ್ಪಿಸಲು ಬಳಸುವಂತಿಲ್ಲ ಎಂಬುದು ಇಂತಹ ತೀರ್ಪಿನ ತಿರುಳು. ನ್ಯಾಯಾಲಯ ಷರತ್ತುಗಳನ್ನೂ ಹಾಕಿತು: ಸಾರಿಗೆ, ಲೈಂಗಿಕ ಕಿರುಕುಳದ ತಡೆ, ಒಬ್ಬಂಟಿಯಾಗಿ ಅಲ್ಲದೆ ತಂಡವಾಗಿ ಕೆಲಸ, ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಬದಲಿಸುವಾಗ ನಡುವೆ ಕನಿಷ್ಠ 12 ಗಂಟೆಗಳ ಬಿಡುವು. ಗೇಟಿನ ಆಚೆಯ ಗಂಟೆಗಳತ್ತ ಕಣ್ಣು ಹಾಯಿಸಿದ ಅಪರೂಪದ ಷರತ್ತು ಈ ಕೊನೆಯದು.

ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ರಾತ್ರಿ ದುಡಿಮೆಯನ್ನು ನಿಷೇಧಿಸಿತ್ತು. 2002ರಲ್ಲಿ ಅದಕ್ಕೆ ತಿದ್ದುಪಡಿ ತಂದು ಮಾಹಿತಿ ತಂತ್ರಜ್ಞಾನ ಮತ್ತು ಅದನ್ನಾಧರಿಸಿದ ಸೇವಾಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡಲಾಯಿತು. ಅಮೆರಿಕದ ಹಗಲು ಬೆಂಗಳೂರಿನ ರಾತ್ರಿ. ಹತ್ತಿಯಂತೆ, ಮೀನಿನಂತೆ, ದೂರವಾಣಿಯ ಕರೆಯೂ ಕಾಯುವುದಿಲ್ಲ. 1911ರ ವ್ಯಾಕರಣ ಇಲ್ಲಿಯೂ ಬದಲಾಗಲಿಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರೊಂದರ ಮಹಿಳಾ ಉದ್ಯೋಗಿ ರಾತ್ರಿ ಪಾಳಿಗೆ ಹೋಗುವ ದಾರಿಯಲ್ಲಿ ಕೊಲೆಯಾದಾಗ, ದುಡಿಮೆಯ ಅವಧಿ ಮನೆಯ ಬಾಗಿಲಿನಿಂದಲೇ ಆರಂಭವಾಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಗೆ ಬಂತು.

2019ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಅಧಿಸೂಚನೆಯ ಮೂಲಕ ಎಲ್ಲ ಕಾರ್ಖಾನೆಗಳಲ್ಲಿಯೂ, ಒಪ್ಪಿಗೆ ಮತ್ತು ಭದ್ರತೆಯ ಷರತ್ತುಗಳೊಂದಿಗೆ, ಮಹಿಳೆಯರ ರಾತ್ರಿ ಪಾಳಿಗೆ ಅವಕಾಶವಿತ್ತಿತು. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ದುಡಿಮೆಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಳಿಗೆ ಏರಿಸಿದ ಅಧಿಸೂಚನೆ ಬಂದು, ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿ, ಜೂನ್ ತಿಂಗಳಲ್ಲಿ ವಾಪಸಾಯಿತು. ಅದು 1922ರ ವಾರ. 2023ರ ಫೆಬ್ರವರಿಯಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿಯು ವಾರದ 48 ಗಂಟೆಗಳನ್ನು ಉಳಿಸಿಕೊಂಡು, ಬಿಡುವು ಸೇರಿ ದಿನಕ್ಕೆ 12 ಗಂಟೆಗಳವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಮಹಿಳೆಯರ ರಾತ್ರಿ ದುಡಿಮೆಯನ್ನು ಕಾಯಿದೆಯೊಳಗೇ ಸೇರಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1948ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಅದರ 43ನೆಯ ಪ್ರಕರಣದಂತೆ ಮಹಿಳೆಯರು ಎಲ್ಲ ಸಂಸ್ಥೆಗಳಲ್ಲಿ ಎಲ್ಲ ಬಗೆಯ ಕೆಲಸಗಳಿಗೆ ಅರ್ಹರು. ಬೆಳಗಿನ 6ಕ್ಕೆ ಮುನ್ನ, ಸಂಜೆ 7ರ ಬಳಿಕದ ಕೆಲಸಕ್ಕೆ ಅವರ ಒಪ್ಪಿಗೆ ಬೇಕು. ಹಳೆಯ ಎರಡು ಅಂಕಿಗಳು ಹೀಗೆ ಮಿತಿಯ ಸ್ಥಾನದಿಂದ ಒಪ್ಪಿಗೆಯ ಸ್ಥಾನಕ್ಕೆ ಸರಿದಿವೆ. ಯಂತ್ರಶಕ್ತಿ ಬಳಸುವ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು ಈ ಸಂಹಿತೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದೆ. 1881ರಲ್ಲಿ ನೂರು, 1891ರಲ್ಲಿ ಐವತ್ತು, 1922ರಲ್ಲಿ ಇಪ್ಪತ್ತು, 1948ರಲ್ಲಿ ಹತ್ತು ಎಂದು ಇಳಿಯುತ್ತ ಬಂದ ಅಂಕಿ ಹಿಂದಕ್ಕೆ ತಿರುಗಿರುವುದು ಇದೇ ಮೊದಲು.

ರಾತ್ರಿಯ ಹಕ್ಕು ದೊರೆತದ್ದನ್ನು ನಾನು ಆಕ್ಷೇಪಿಸುವುದಿಲ್ಲ; ದಾದಿಯರು, ಸೂಲಗಿತ್ತಿಯರು ರಾತ್ರಿ ದುಡಿಯಬಹುದೆಂದು ತೋಟ ಕಾಯಿದೆಯೇ ಒಪ್ಪಿತ್ತು. ನನ್ನ ಆತಂಕ ದಿನದ ಉದ್ದವನ್ನು ಕುರಿತದ್ದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ರಾಮನಗರ, ಮದ್ದೂರು ಕಡೆಯ ಹಳ್ಳಿಗಳಿಂದ ಬೆಂಗಳೂರು, ಬಿಡದಿ ಸುತ್ತಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬಂದುಹೋಗುವ ಮಹಿಳೆಯೊಬ್ಬಳ ದಿನವನ್ನು ಊಹಿಸಿಕೊಳ್ಳಿ. ಕಾರ್ಖಾನೆಯಲ್ಲಿ 12 ಗಂಟೆ, ಹೋಗಿಬರುವ ದಾರಿ ಒಟ್ಟು 3 ಗಂಟೆ ಎಂದಿಟ್ಟುಕೊಳ್ಳೋಣ. ಸರಾಸರಿಯ ಐದು ಗಂಟೆಯ ಮನೆಗೆಲಸವನ್ನು ಅವಳು ಮಾಡಲಾರಳು, ನಿಜ. ಮೂರಕ್ಕೆ ಇಳಿಸಿಕೊಳ್ಳುತ್ತಾಳೆ, ಮಿಕ್ಕದ್ದು ಅತ್ತೆಗೋ ಮಗಳಿಗೋ ಸೇರುತ್ತದೆ. ಸ್ನಾನ, ಊಟ, ನಿದ್ದೆಗಳಿಗೆ ಉಳಿಯುವುದು 6 ಗಂಟೆ. ಬೆಳಗಿನ ಏಳಕ್ಕೆ ಅವಳು ಕಾರ್ಖಾನೆಯ ಗೇಟಿನಲ್ಲಿರಬೇಕಾದರೆ ಮನೆ ಬಿಡಬೇಕಾದದ್ದು ಐದೂವರೆಗೆ. ಅದಕ್ಕೂ ಮುಂಚೆ ಅಡುಗೆಯಾಗಿ ಬುತ್ತಿ ಕಟ್ಟಿರಬೇಕಾದ್ದರಿಂದ ಅವಳು ಏಳುವುದು ನಾಲ್ಕಕ್ಕೆ: ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ.